ನಿಂತರೆ ಚಂದ, ಹೊರಟರೆ ಅವಾಂತರ

ಹೆಂಗಸರ ಉಡುಪು, ಬಣ್ಣ, ಹೂವು, ಪಿನ್ನು ಇವನ್ನೆಲ್ಲ ಕಂಡುಹಿಡಿದವರು ಕನ್ನಡಿಯ ಎದುರು ನಿಂತವಳನ್ನು ಮಾತ್ರ ನೋಡಿದ್ದಾರೆ ಎಂಬುದು ನನ್ನ ಬಲವಾದ ಗುಮಾನಿ. ಅವಳು ನಿಂತೇ ಇರುತ್ತಾಳೆ, ಹೆಚ್ಚೆಂದರೆ ಫೋಟೋಕ್ಕೆಂದು ಕತ್ತು ಸ್ವಲ್ಪ ವಾಲಿಸುತ್ತಾಳೆ. ಬೆಳಿಗ್ಗೆ ಕಾಸರಗೋಡಿನಲ್ಲಿ ಬಸ್ಸು ಹತ್ತಿ, ಹೆದ್ದಾರಿಯ ಧೂಳು ಕುಡಿದು, ಮುಹೂರ್ತಕ್ಕೆ ಮೊದಲು ಮಂಗಳೂರಿನ ಛತ್ರ ಸೇರಬೇಕಾದವಳು ಅವರ ಲೆಕ್ಕದಲ್ಲಿ ಇಲ್ಲ.

ಗಂಡಸರದ್ದು ಬೇರೆ. ಮುಂಡು ಸುತ್ತಿ ಸೊಂಟಕ್ಕೆ ಸಿಕ್ಕಿಸಿದರೆ ಆಯಿತು. ಮಳೆ ಬಂದರೆ ಅರ್ಧಕ್ಕೆ ಮಡಚಿ ಕಟ್ಟಿ ಓಡಬಹುದು, ದೊಡ್ಡವರು ಎದುರು ಸಿಕ್ಕಿದರೆ ಬಿಚ್ಚಿ ಇಳಿಬಿಟ್ಟು ಮರ್ಯಾದೆಯನ್ನೂ ತೋರಿಸಬಹುದು. ಹೀಗೆ ಸಿದ್ಧನಾದ ಅಣ್ಣ ಜಗಲಿಯಲ್ಲಿ ಕೂತು, "ಎಂತ ಮಾರಾಯ್ತಿ, ಇನ್ನೂ ಆಗ್ಲಿಲ್ವಾ ನಿಂದು?" ಎಂದು ಕೇಳುತ್ತಾನೆ. ಆಗ್ಲಿಲ್ಲ. ಐದೂವರೆ ಮೀಟರು ಬಟ್ಟೆಯನ್ನು, ಹೊಲಿಗೆಯೇ ಇಲ್ಲದೆ, ಒಂದು ಲಾಡಿಯ ಭರವಸೆಯ ಮೇಲೆ ನಿಲ್ಲಿಸುವ ಕೆಲಸ ನಡೆಯುತ್ತಾ ಉಂಟು.

ಆ ಲಾಡಿಯಿಂದಲೇ ಶುರು ಮಾಡೋಣ. ಪಟ್ಟೆ ಸೀರೆಗೆ, ಎಂದರೆ ರೇಷ್ಮೆಯದ್ದಕ್ಕೆ, ಸ್ಯಾಟಿನ್ ಒಳಲಂಗ ಹಾಕಿದರೆ ಜಾರುವ ಬಟ್ಟೆಯ ಮೇಲೆ ಜಾರುವ ಬಟ್ಟೆ; ಬಸ್ಸಿನ ಎರಡನೇ ಮೆಟ್ಟಿಲಿಗೆ ನೆರಿಗೆ ಹೊರಗೆ ಬರುತ್ತದೆ. ಹತ್ತಿಯ ಒಳಲಂಗವೇ ಹಿಡಿಯುವುದು. ಈಗ ಬಂದಿರುವ ಮೈಗಂಟುವ ಶೇಪ್‌ವೇರ್ ಒಳಲಂಗ ಫೋಟೋಕ್ಕೆ ಬಹಳ ಚಂದ. ಆದರೆ ಅದರ ಸೀಳು ಇರುವುದು ಒಂದೇ ಬದಿಗೆ, ಫುಟ್‌ಬೋರ್ಡಿಗೆ ಯಾವ ಕಾಲು ಮೊದಲು ಎತ್ತಬೇಕೆಂದು ಸೀಳು ಹೇಳಿದ ಹಾಗೆ ಕೇಳಬೇಕು. ಚಪ್ಪಲಿಯನ್ನು ಮೊದಲು ಮೆಟ್ಟಿ ಆಮೇಲೆ ಸೀರೆ ಉಡಿ. ಬರಿಗಾಲಲ್ಲಿ ಉಟ್ಟು ಕೊನೆಗೆ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿದರೆ ಅಂಚು ಗಿಡ್ಡವಾಗಿ ಕಣಕಾಲು ಕಾಣುತ್ತದೆ. ಎತ್ತರದ ಚಪ್ಪಲಿಯಲ್ಲಿ ಉಟ್ಟು, ಕಾಲು ನೋವೆಂದು ನಡುವೆ ಬದಲಿಸಿದರೆ ಛತ್ರದ ನೆಲ ಒರೆಸುವ ಕೆಲಸ ನಿಮ್ಮದೇ. ಬಸ್ಸು ಹತ್ತುವಾಗ ನೆರಿಗೆಯನ್ನು ತುದಿಯಲ್ಲಿ ಹಿಡಿದು ಎತ್ತಬೇಡಿ, ಮೊಣಕಾಲಿನ ಹತ್ತಿರ ಅಷ್ಟನ್ನೂ ಒಟ್ಟಿಗೆ ಎಡಗೈಯಲ್ಲಿ ಹಿಡಿಯಿರಿ. ತುದಿ ಹಿಡಿದರೆ ಹೊರಗಿನ ಎರಡು ನೆರಿಗೆ ಮಾತ್ರ ಏಳುತ್ತದೆ, ಒಳಗಿನದನ್ನು ನೀವೇ ಮೆಟ್ಟುತ್ತೀರಿ.

ಸೀರೆಯ ಕೆಳಗಿನ ಅಂಚಿಗೆ ಒಳಗಿನಿಂದ ಹೊಲಿಯುವ ಪಟ್ಟಿಯೇ ಫಾಲ್. ಅದನ್ನು ಹಚ್ಚುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಹಾಕಬೇಕು. ಹತ್ತಿಯ ಫಾಲ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಸೀರೆ ಅಷ್ಟು ಕುಗ್ಗುವುದಿಲ್ಲ. ಆಮೇಲೆ ಸೀರೆಯ ಅಂಚು ಕೊನೆಯವರೆಗೂ ಮುಖ ಸಿಂಡರಿಸಿಕೊಂಡೇ ಇರುತ್ತದೆ. ಅಂಗಡಿಯವರು "ನೆನೆಸಿಯೇ ಹಚ್ಚಿದ್ದು" ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಫಾಲ್, ಪಿಕೋ ಎರಡೂ ಮುಗಿಸಿ ಕೊಟ್ಟಿದ್ದರೆ ಯಾವಾಗ ನೆನೆಸಿದ್ದು, ಯಾವಾಗ ಒಣಗಿಸಿದ್ದು ಎಂದು ನೀವೇ ಲೆಕ್ಕ ಹಾಕಿ.

ಇನ್ನು ರವಕೆ. ಟೈಲರ್ ಅಳತೆ ತೆಗೆಯುವುದು ನೀವು ಕೈ ಇಳಿಬಿಟ್ಟು ಶಿಸ್ತಾಗಿ ನಿಂತಾಗ. ಬಸ್ಸಿನಲ್ಲಿ ಹಾಗೆ ನಿಂತವರು ಮೊದಲ ಬ್ರೇಕಿಗೇ ಡ್ರೈವರನ ಪಕ್ಕದಲ್ಲಿರುತ್ತಾರೆ. ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದ ಕೂಡಲೇ ಇಡೀ ರವಕೆ ಮೇಲೆ ಬರುತ್ತದೆ. ಕಂಕುಳಿನ ಸುತ್ತು ಬಿಗಿಯಾಯಿತು, ಸಡಿಲ ಮಾಡಿಸಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ವಾಸ್ತವ ತಿರುವುಮುರುವು. ಆ ಸುತ್ತು ಕೆಳಗೆ ಇಳಿದಷ್ಟೂ ತೋಳು ಪಕ್ಕೆಯ ಬಟ್ಟೆಯನ್ನೇ ಹಿಡಿದು ಎಳೆಯುತ್ತದೆ. ಕಂಕುಳಿಗೆ ಹತ್ತಿರವಾಗಿ, ಮೇಲಕ್ಕೆ ಕತ್ತರಿಸಿದರೆ ಕೈ ಎತ್ತಿದಾಗ ತೋಳು ಮಾತ್ರ ಹೋಗುತ್ತದೆ, ರವಕೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ಟ್ರಯಲ್ ನೋಡುವಾಗ ನಾಚಿಕೆ ಬಿಟ್ಟು ಬಲಗೈ ಎತ್ತಿ ನಿಲ್ಲಿ, ಕಂಬಿ ಹಿಡಿದ ಹಾಗೆ. ಒಳಗೆ ಬದಿಗೆ ಒಂದು ಇಂಚಾದರೂ ಬಟ್ಟೆ ಬಿಡಿಸಿ. ಮುಂದಿನ ಮದುವೆಯ ಹೊತ್ತಿಗೆ ಅದು ಬೇಕಾಗುತ್ತದೆ, ಯಾಕೆಂದು ಇಲ್ಲಿ ಬರೆಯುವುದಿಲ್ಲ.

ಸೆರಗಿಗೆ ಹೆಗಲಲ್ಲಿ ಪಿನ್ನು ಹಾಕುವಾಗಲೂ ಇದೇ ಕಥೆ. ಕನ್ನಡಿಯ ಎದುರು ಎಳೆದು ಬಿಗಿಯಾಗಿ ಕುತ್ತಿದರೆ ನೋಡಲು ಅಚ್ಚುಕಟ್ಟು. ಬಸ್ಸಿನಲ್ಲಿ ಒಮ್ಮೆ ಬಗ್ಗಿದರೆ ಪಟ್ಟೆ ಚರ್ರೆನ್ನುತ್ತದೆ. ಎರಡು ಬೆರಳು ಹಿಡಿಸುವಷ್ಟು ಸಡಿಲ ಬಿಟ್ಟು, ರವಕೆಯ ಒಳಗಿನಿಂದ ಹೊರಕ್ಕೆ ಕುತ್ತಬೇಕು. ಪಿನ್ನಿನ ಸುರುಳಿಗೆ ನೂಲು ಸಿಕ್ಕಿಕೊಳ್ಳದಂತೆ ಮೊದಲು ಒಂದು ಮಣಿ ಪೋಣಿಸಿಕೊಂಡರೆ ಇನ್ನೂ ಒಳ್ಳೆಯದು.

ಬಸ್ಸಿನ ವಿಷಯ ಬಂತಲ್ಲ, ಹೇಳಿಯೇಬಿಡುತ್ತೇನೆ. ಕಾಸರಗೋಡು-ಮಂಗಳೂರು ದಾರಿಯಲ್ಲಿ ಎರಡು ರಾಜ್ಯದ ಸರಕಾರಿ ಬಸ್ಸು ಓಡುತ್ತದೆ, ಎರಡರ ಹೆಸರೂ ಕೆಎಸ್‌ಆರ್‌ಟಿಸಿ. 2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರಿಗೆ ಅಲ್ಲಿನ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ಟು ಪುಕ್ಕಟೆ. ನಾವು ಕನ್ನಡ ಶಾಲೆಯಲ್ಲಿ ಕಲಿತು, ಕನ್ನಡದಲ್ಲಿಯೇ ಜಗಳ ಮಾಡುವವರು. ಆದರೆ 1956ರ ನವೆಂಬರ್ 1ರಿಂದ ನಮ್ಮ ವಿಳಾಸ ಕೇರಳ. ಗಡಿಯ ತಲಪಾಡಿ ದಾಟಿದ ಮೇಲೂ ನಮ್ಮ ಆಧಾರ್ ಕಾರ್ಡು ತಲಪಾಡಿಯ ಆಚೆಗೇ ಉಳಿಯುತ್ತದೆ. "ಅಕ್ಕ, ಚಿಲ್ಲರೆ ಕೊಡಿ" ಎಂದು ಕಂಡಕ್ಟರ್ ಕನ್ನಡದಲ್ಲೇ ಕೇಳುತ್ತಾನೆ, ಅಷ್ಟು ಸಮಾಧಾನ.

ಕೂದಲಿನ ಪ್ರಯಾಣ ನಮ್ಮದಕ್ಕಿಂತ ಹೆಚ್ಚು ಘಟನಾತ್ಮಕ. ಇಸ್ತ್ರಿ ಹಾಕಿ ನೀಟಾಗಿ ಇಳಿಬಿಟ್ಟ ಕೂದಲು ಕಾಸರಗೋಡಿನಲ್ಲಿ ನೇರ, ಕುಂಬಳೆಯಲ್ಲಿ ಸಣ್ಣ ಅಲೆ, ಉಪ್ಪಳದಲ್ಲಿ ಹುಟ್ಟುಗುಣ, ತೊಕ್ಕೊಟ್ಟಿನಲ್ಲಿ ತೆಂಗಿನ ನಾರಿನ ಕಟ್ಟು. ಕಾರಣ ಸರಳ. ಬಿಸಿ ಇಸ್ತ್ರಿ ಕೂದಲಿನ ನೀರಿನಂಶ ಹಾರಿಸಿ, ಒಳಗಿನ ಹೈಡ್ರೋಜನ್ ಬಂಧಗಳನ್ನು ಹೊಸ ಜಾಗದಲ್ಲಿ ಕೂರಿಸುತ್ತದೆ ಅಷ್ಟೇ. ಕರಾವಳಿಯ ಗಾಳಿಯಲ್ಲಿರುವ ತೇವ ಒಳಗೆ ಹೋದ ಕೂಡಲೇ ಅವು ಬಿಟ್ಟು ತಮ್ಮ ಹಳೆಯ ಜಾಗಕ್ಕೆ ಮರಳುತ್ತವೆ. ಬೆಂಗಳೂರಿನ ಒಣ ಹವೆಯಲ್ಲಿ ಮಾಡಿದ ವೀಡಿಯೋ ನೋಡಿ ಇಲ್ಲಿ ಇಸ್ತ್ರಿ ಹಾಕುವುದು ಕರೆಂಟು ದಂಡ. ಒದ್ದೆ ಕೂದಲಿಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಎಳೆಯೇ ಸುಟ್ಟುಹೋಗುತ್ತದೆ. ಜಡೆ ಹೆಣೆದು, ತುದಿಗೆ ನಾಲ್ಕು ಹನಿ ತೆಂಗಿನೆಣ್ಣೆ ತಿಕ್ಕಿದರೆ ತೇವ ಒಳಹೋಗುವುದು ನಿಧಾನವಾಗುತ್ತದೆ. ಅಜ್ಜಿ ಹೇಳಿದ್ದೂ ಇದೇ, ಅವರು ಹೈಡ್ರೋಜನ್ ಸುದ್ದಿ ಎತ್ತಲಿಲ್ಲ ಅಷ್ಟೇ. ಅಂದ ಹಾಗೆ, ಕಪ್ಪು ಹೇರ್‌ಪಿನ್ನಿನ ಅಂಕುಡೊಂಕು ಬದಿ ತಲೆಯ ಕಡೆಗೆ ಇರಬೇಕು, ಹಿಡಿತಕ್ಕೆಂದೇ ಆ ಅಂಕುಡೊಂಕು. ಚಂದಕ್ಕೆ ಎಂದು ಮೇಲೆ ಮಾಡಿ ಹಾಕಿ, "ಪಿನ್ನು ಜಾರ್ತದೆ" ಎಂದು ಕಂಪೆನಿಗೆ ಬಯ್ಯುವವರೇ ಹೆಚ್ಚು.

ಕಾಡಿಗೆಯ ಮೇಲೆ 'ವಾಟರ್‌ಪ್ರೂಫ್' ಎಂದು ಬರೆದದ್ದು ಸುಳ್ಳಲ್ಲ. ನೀರಿಗೆ ಹೆದರುವುದಿಲ್ಲ, ಎಣ್ಣೆಗೆ ಶರಣಾಗುತ್ತದೆ. ಸೆಕೆಗೆ ಮುಖದಲ್ಲಿ ಬರುವುದು ಬೆವರು ಮಾತ್ರವಲ್ಲ, ಚರ್ಮದ ಜಿಡ್ಡೂ ಸೇರಿರುತ್ತದೆ. ಅದೇ ಕಾಡಿಗೆಯ ಮೇಣವನ್ನು ಕರಗಿಸಿ ಕೆನ್ನೆಗೆ ಇಳಿಸುವುದು. ಕಣ್ಣಿನ ಕೆಳಗೆ ತೆಳ್ಳಗೆ ಪೌಡರು ಒತ್ತಿದರೆ ಜಿಡ್ಡು ಅಲ್ಲೇ ನಿಲ್ಲುತ್ತದೆ. ರಾತ್ರಿ ತೆಗೆಯಲು ಸೋಪು ತಿಕ್ಕಿ ಕಣ್ಣು ಕೆಂಪು ಮಾಡುವುದು ಬೇಡ, ಹತ್ತಿಗೆ ತೆಂಗಿನೆಣ್ಣೆ ಸಾಕು. ಸನ್‌ಸ್ಕ್ರೀನ್ ಆದರೆ ಎರಡು ಬೆರಳುದ್ದ ಮುಖಕ್ಕೂ ಕುತ್ತಿಗೆಗೂ. ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿ 30 ಆದರೆ ಬಿಸಿಲಿನ, ಚರ್ಮ ಸುಡುವ ಯುವಿ-ಬಿ ಕಿರಣವನ್ನು ಸುಮಾರು ಶೇಕಡಾ 97ರಷ್ಟು ತಡೆಯುತ್ತದೆ, 50 ಸುಮಾರು 98. ಆ ಒಂದಕ್ಕಾಗಿ ದುಪ್ಪಟ್ಟು ದುಡ್ಡು ಕೊಟ್ಟು, ದುಬಾರಿ ಎಂದು ಕಡಲೆಕಾಳಿನಷ್ಟು ಹಚ್ಚುವವರಿಗೆ ಕೊಡೆಯೇ ಲಾಭ.

ಬೆಳ್ಳಗಾಗುವ ಕ್ರೀಮಿನ ಬಗ್ಗೆ ತಮಾಷೆ ಮಾಡಲು ಮನಸ್ಸಿಲ್ಲ. ಹುಡುಗಿ ಬಿಳಿಯೋ ಕಪ್ಪೋ ಎಂದು ಕೇಳುವ ಹುಡುಗನ ಮನೆಯವರನ್ನು ಸರಿಯಾಗಿ ನೋಡಿ. ಬಿಸಿಲಿಗೆ ಅಡಿಕೆ ಒಣಗಿಸಿ ಒಣಗಿಸಿ ಅವರಲ್ಲಿ ಯಾರೂ ಬೆಳ್ಳಗಿರುವುದಿಲ್ಲ. ಆದರೂ ತಯಾರಕರ ವಿಳಾಸವಿಲ್ಲದ, ಲೈಸೆನ್ಸ್ ನಂಬರಿಲ್ಲದ ಡಬ್ಬಿಗಳು ಫ್ಯಾನ್ಸಿ ಅಂಗಡಿಗಳಲ್ಲಿ ಖರ್ಚಾಗುತ್ತವೆ. ಅಂಥ ಹಲವು ಡಬ್ಬಿಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟುವುದನ್ನು ತಡೆಯುತ್ತದೆ, ಜೊತೆಗೆ ಚರ್ಮದ ಮೂಲಕ ಒಳಗಿಳಿದು ಕಿಡ್ನಿಯ ಸೋಸುಪದರವನ್ನು ಹಾಳುಮಾಡುತ್ತದೆ. ಕೇರಳದಲ್ಲಿ ಇಂಥ ಕಿಡ್ನಿ ಕಾಯಿಲೆಗಳು ಕಾಣಿಸಿಕೊಂಡು, 2023ರಲ್ಲಿ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂದು ಅಂಗಡಿಗಳಿಗೆ ದಾಳಿ ಇಟ್ಟಿತು. ವಾರದೊಳಗೆ ಮುಖ ಬೆಳಗಿಸುವ ಡಬ್ಬಿ ಕಂಡರೆ ಬೆನ್ನಿನ ಬದಿಯ ಅಕ್ಷರ ಓದಿ. ಅಕ್ಷರವೇ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.

ಮಲ್ಲಿಗೆಗೂ ಹೆಲ್ಮೆಟ್ಟಿಗೂ ಹುಟ್ಟಾ ವೈರ. ನಮ್ಮ ಕಡೆಯ ಲೆಕ್ಕದಲ್ಲಿ ಒಂದು ಚೆಂಡು ಎಂದರೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಚೆಂಡು ಮುಡಿದು ಮೇಲೆ ಹೆಲ್ಮೆಟ್ ಒತ್ತಿದರೆ ಇಳಿಯುವಾಗ ಬಾಳೆನಾರು ಮಾತ್ರ ತಲೆಯಲ್ಲಿ. ತುರುಬಿನ ಮೇಲೆ ಹೆಲ್ಮೆಟ್ ಹಾಕುವುದು ಅದಕ್ಕಿಂತ ಕೆಟ್ಟದ್ದು. ಹೆಲ್ಮೆಟ್ ತಲೆಗೆ ಕೂರದೆ ತುರುಬಿಗೆ ಕೂರುತ್ತದೆ, ಗಲ್ಲದ ಪಟ್ಟಿ ಬಿಗಿಯಾಗುವುದಿಲ್ಲ, ಬಿದ್ದರೆ ಹೆಲ್ಮೆಟ್ ಬೇರೆ ದಾರಿ, ನೀವು ಬೇರೆ ದಾರಿ. ಜಡೆ ಕುತ್ತಿಗೆಯ ಕೆಳಗೆ ಬರಲಿ, ಹೂವು ಚೀಲದಲ್ಲಿ ಬರಲಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಅದು ಬೆವತು ಕಂದುತ್ತದೆ, ಬಾಳೆಲೆಯಲ್ಲಿ ಸುತ್ತಿದರೆ ಛತ್ರದವರೆಗೂ ತಾಜಾ. ಬಾಳೆಯ ಸೊನೆ ತಾಗಿದ ಬಟ್ಟೆಯ ಕಲೆ ಮಾತ್ರ ಹೋಗುವುದಿಲ್ಲ, ಆದ್ದರಿಂದ ಎಲೆಯ ದಿಂಡಿನ ಬದಿ ಕತ್ತರಿಸಿ ಬಿಸಾಡಿ.

ಕಲೆಯ ಈ ಎಚ್ಚರ ಮುಖ್ಯವಾಗಿ ಓಣಂ ದಿನಕ್ಕೆ. ಆಫೀಸಿನ ಚೇಚಿಯರೆಲ್ಲ, ಎಂದರೆ ಮಲಯಾಳಿ ಅಕ್ಕಂದಿರೆಲ್ಲ, ಜರಿಯಂಚಿನ ಕಸವು ಸೀರೆ ಉಟ್ಟು ಬರುವಾಗ ಕನ್ನಡತಿ ಬಣ್ಣದ ಚೂಡಿದಾರದಲ್ಲಿ ಹೋಗಲಿಕ್ಕಾಗುತ್ತದಾ? ಕೆನೆಬಣ್ಣದ ಬಟ್ಟೆಗೆ ಕೆನೆಬಣ್ಣದ್ದೇ ಒಳಲಂಗ ಬೇಕು, ಅಚ್ಚ ಬಿಳಿಯದ್ದು ಬೇರೆಯಾಗಿ ಎದ್ದು ಕಾಣುತ್ತದೆ. ಗಂಜಿ ಹಾಕುವುದಾದರೆ ಬೆಳ್ತಿಗೆ ಅಕ್ಕಿಯ, ಅದೇ ಬಿಳಿ ಅಕ್ಕಿಯ, ತಿಳಿ. ಕುಚ್ಚಿಲಕ್ಕಿಯ ಗಂಜಿ ಹಾಕಿದರೆ ಸೀರೆಗೆ ಕೆಂಪು ಛಾಯೆ ಬರುತ್ತದೆ. ಜರಿಯ ಅಂಚಿಗೆ ತೆಳು ಬಟ್ಟೆ ಹಾಸಿ ಹಿಂಬದಿಯಿಂದ ಇಸ್ತ್ರಿ. ಇಷ್ಟೆಲ್ಲ ಆಗಿ ಎಲೆಯ ಎದುರು ಕೂತಾಗ ಸಾಂಬಾರು ಬೀಳುತ್ತದೆ. ಬಿದ್ದೇ ಬೀಳುತ್ತದೆ. ಕೂಡಲೇ ವಾಶ್‌ಬೇಸಿನ್ನಿಗೆ ಓಡಿ ಸೋಪು ತಿಕ್ಕಿದರೆ ಹಳದಿ ಕಲೆ ಕಣ್ಣೆದುರೇ ರಕ್ತಕೆಂಪಾಗುತ್ತದೆ. ಹೆದರಬೇಡಿ, ಸೋಪಿನ ಕ್ಷಾರಕ್ಕೆ ಅರಸಿನ ಕೆಂಪಾಗುವುದು ಅದರ ಸ್ವಭಾವ. ಚೆನ್ನಾಗಿ ತೊಳೆದರೆ ಮತ್ತೆ ಹಳದಿ, ಎರಡು ದಿನ ಬಿಸಿಲಿಗೆ ಹಾಕಿದರೆ ಹೆಚ್ಚಿನ ಪಾಲು ಮಾಯ. ಓಣಂ ಹೊತ್ತಿಗೆ ಇಲ್ಲಿ ಎರಡು ದಿನ ಒಟ್ಟಿಗೆ ಬಿಸಿಲು ಸಿಗುವುದು ನಿಮ್ಮ ನಸೀಬು.

ಸ್ಕೂಟರಿನಲ್ಲಿ ಶಾಲು ಹಾರುವುದು ಜಾಹೀರಾತಿಗೆ ಚಂದ. ಕುತ್ತಿಗೆಗೆ ಸುತ್ತಿ ತುದಿ ಹಿಂದೆ ಬಿಟ್ಟರೆ ಚಕ್ರ ಅದನ್ನು ಎಳೆದುಕೊಳ್ಳುತ್ತದೆ, ಆಮೇಲೆ ಕುತ್ತಿಗೆಯನ್ನೂ. ಎದೆಗೆ ಅಡ್ಡ ಹಾಕಿ ಸೊಂಟದ ಬದಿಗೆ ಗಂಟು ಹಾಕಿ, ತುದಿಯ ಮೇಲೆ ಕೂರಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎಳೆಯಬೇಡಿ, ಆಕ್ಸಿಲರೇಟರ್ ಮುಟ್ಟಲೇಬೇಡಿ. ಎಂಜಿನ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ ಬಿಡಿಸಬೇಕು. ಬರದಿದ್ದರೆ ಕತ್ತರಿ, ಶಾಲಿನ ಬೆಲೆ ಆಗ ಯೋಚಿಸಬಾರದು. ಬೈಕಿನ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಕವಚ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ, ಹಿಂದೆ ಕೂತವರ ಬಟ್ಟೆ ಸಿಕ್ಕದಿರಲಿಕ್ಕೆ. ಶೋರೂಮಿನಿಂದ ಬಂದ ಬೈಕಿನಲ್ಲಿ ಅದು ಇರುತ್ತದೆ. 'ಲುಕ್' ಹೋಗ್ತದೆ ಎಂದು ಮೊದಲ ಸರ್ವೀಸಿನಲ್ಲೇ ಬಿಚ್ಚಿಸುವ ಹುಡುಗರು, ಹಿಂದೆ ಕೂತವಳಿಗೆ "ಸೀರೆ ಸರಿ ಹಿಡ್ಕೊ" ಎಂದು ಹೇಳಲು ಮರೆಯುವುದಿಲ್ಲ.

ಕೊನೆಗೆ ಜೇಬು. ಕುರ್ತಾಕ್ಕೆ ಜೇಬು ಇಡಲು ಹೇಳಿದರೆ ಟೈಲರ್ ಅದನ್ನು ಶೃಂಗಾರದ ವಿರುದ್ಧದ ಅಪರಾಧ ಎಂಬಂತೆ ನೋಡುತ್ತಾನೆ. ಅವನ ಕಷ್ಟವೂ ಸ್ವಲ್ಪ ನಿಜವೇ. ಹೆಗಲಿನಿಂದ ಸೊಂಟಕ್ಕೆ 14 ಇಂಚು, ಬದಿಯ ಸೀಳು ಶುರುವಾಗುವುದು 21ರ ಹತ್ತಿರ; ನಡುವೆ ಉಳಿಯುವುದು ಏಳು ಇಂಚು. ಜೇಬಿನ ಬಾಯಿಗೇ ಆರು ಬೇಕು. ಚೀಲ ನೇರ ಕೆಳಗೆ ಇಳಿದರೆ ಸೀಳಿನಲ್ಲಿ ಹೊರಗೆ ಇಣುಕುತ್ತದೆ. ಅದಕ್ಕೆ ಚೀಲವನ್ನು ಮುಂದಕ್ಕೆ ಓರೆಯಾಗಿ ಕತ್ತರಿಸಿ, ಮೇಲಿನ ಮೂಲೆಯನ್ನು ಸೊಂಟದ ಹತ್ತಿರ ಬದಿಯ ಹೊಲಿಗೆಗೆ ಹಿಡಿಸಬೇಕು. ಲೈನಿಂಗಿನ ಜಾರುಬಟ್ಟೆ ಬೇಡ, ಗಟ್ಟಿ ಹತ್ತಿ ಹಾಕಿಸಿ. ತೆಳು ರೇಯಾನ್ ಕುರ್ತಾವಾದರೆ ಇನ್ನೂರು ಗ್ರಾಮಿನ ಮೊಬೈಲು ಇಡೀ ಕುರ್ತಾವನ್ನು ಬಲಕ್ಕೆ ಎಳೆದು ಕತ್ತಿನ ಪಟ್ಟಿಯೇ ವಾಲುತ್ತದೆ, ಅಂಥದ್ದಕ್ಕೆ ಪ್ಯಾಂಟಿಗೇ ಜೇಬು ಇಡಿಸುವುದು ವಾಸಿ. "ಜೇಬು ಇಟ್ಟರೆ ಶೇಪ್ ಹೋಗ್ತದೆ ಅಕ್ಕ" ಎನ್ನುತ್ತಾನೆ. ಅವನೇ ಉಟ್ಟಿರುವುದು ವೆಲ್ಕ್ರೊ ಮುಂಡು, ಅದರ ಒಳಗೆ ಮೊಬೈಲಿಗೆಂದೇ ಒಂದು ಜೇಬು ಹೊಲಿದಿರುತ್ತದೆ. ತೋರಿಸಿ ಕೇಳಿ. ಟ್ರಯಲ್ ದಿನ ಮೊಬೈಲು ಹಾಕಿ, ಅಂಗಡಿಯ ಸ್ಟೂಲಿನಲ್ಲೇ ಒಮ್ಮೆ ಕೂತು ಏಳಿ. ಹೊರಗೆ ಜಾರಿದರೆ ಬಾಯಿ ಅರ್ಧ ಇಂಚು ಮುಚ್ಚಲು ಅಲ್ಲೇ ನಿಂತು ಹೇಳಿ. ಮನೆಗೆ ತಂದು ಮತ್ತೆ ಹೋದರೆ ಹಬ್ಬದ ಸೀಸನ್ ಮುಗಿಯುವವರೆಗೆ ಅವನಿಗೆ ನಿಮ್ಮ ಗುರುತೇ ಸಿಗುವುದಿಲ್ಲ.