ಇನ್‌ಸೋಲ್ ಒಂದರಿಂದಲೇ ಆಗಲ್ಲ
ಪಾದದ ಅಚ್ಚು ತೆಗೆಸಿ ಮಾಡಿಸಿದ ಇನ್‌ಸೋಲ್ (ಶೂ ಒಳಗೆ ಇಡುವ ಮೆತ್ತೆ) ಹಾಕಿದರೆ ಹಿಮ್ಮಡಿ ನೋವು ಹೋಗಿಯೇ ಬಿಡುತ್ತದೆ ಎಂದಿದ್ದೀರಿ. ಅರ್ಧ ಒಪ್ಪುತ್ತೇನೆ. ಮುಂಬೈಯ ಮಾಟುಂಗಾದ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ದಿನಕ್ಕೆ 10 ಗಂಟೆ ನಿಲ್ಲುವವನು ನಾನು. ಬೆಳಿಗ್ಗೆ ಮೊದಲ ಹೆಜ್ಜೆ ಊರಿದರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಫೋಮ್ ಪೆಟ್ಟಿಗೆಯಲ್ಲಿ ಕಾಲು ಒತ್ತಿಸಿ ಅಚ್ಚು ತೆಗೆದು ಮಾಡಿಕೊಟ್ಟರು. ಪಾದದ ಕಮಾನಿಗೆ ಆಸರೆ ಸಿಕ್ಕಿ ಹಗುರಾಯಿತು, ನಿಜ. ಆದರೆ ಅದು ಶೂ ಒಳಗಿದ್ದಾಗ ಮಾತ್ರ. ನೀರು ಚೆಲ್ಲಿದ ಅಡುಗೆಮನೆಯಲ್ಲಿ ನಾವು ಹಾಕುವುದು ರಬ್ಬರ್ ಚಪ್ಪಲಿ, ಅದರಲ್ಲಿ ಇನ್‌ಸೋಲ್ ಎಲ್ಲಿ ಕೂರುತ್ತದೆ? ನನಗೆ ಜಾಸ್ತಿ ಉಪಕಾರ ಆದದ್ದು ಹಾಸಿಗೆಯಲ್ಲೇ ಟವೆಲ್ ಹಾಕಿ ಪಾದ ಎಳೆಯುವುದರಿಂದ, ಗೋಡೆ ಹಿಡಿದು ಮೀನಖಂಡ ಹಿಗ್ಗಿಸುವುದರಿಂದ. ಸಾಮಾನ್ಯ ಹಿಮ್ಮಡಿ ನೋವಿಗೆ ರೆಡಿಮೇಡ್ ಇನ್‌ಸೋಲ್ ಕೂಡ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ ಎಂದು ಅಧ್ಯಯನಗಳೇ ಹೇಳುತ್ತವೆ. ಮೊದಲೇ ಸಾವಿರಗಟ್ಟಲೆ ಸುಮ್ನೆ ಯಾಕೆ ಸುರಿಯಬೇಕು?