800 ರೂಪಾಯಿ ಉಳಿಸಿದ ಕಥೆ

ಕಲಬುರಗಿಯಲ್ಲಿ ಬೇಸಿಗೆ ಬಂತು ಅಂತ ಕ್ಯಾಲೆಂಡರ್ ನೋಡಿ ತಿಳಿಯಬೇಕಾಗಿಲ್ಲ. ಶರಣಬಸವೇಶ್ವರ ಜಾತ್ರೆಯ ತೇರು ಎಳೆದದ್ದೇ ತಡ, ಮನೆಮನೆಯ ಮೂಲೆಯಿಂದ ಕೂಲರ್‌ಗಳು ಹೊರಗೆ ಬರುತ್ತವೆ. ಅಲ್ಲಿಯವರೆಗೆ ಅವುಗಳ ಮೇಲೆ ಹಳೇ ಪೇಪರು, ಹರಿದ ಚಾಪೆ, ಯಾರದೋ ಮದುವೆಯಲ್ಲಿ ಕೊಟ್ಟ ಸ್ಟೀಲ್ ಡಬ್ಬಿ ಎಲ್ಲ ಕೂತಿರುತ್ತವೆ.

ನಮ್ಮದು ತಗಡಿನ ದೊಡ್ಡ ಕೂಲರ್. ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂತು ಒಳಗೆ ಗಾಳಿ ಬಿಡುತ್ತಿತ್ತು. ಈ ಸಲ ಎತ್ತಿ ಇಡಲು ಹೋದರೆ ಸ್ಟ್ಯಾಂಡಿನ ಒಂದು ಕಾಲು ತುಕ್ಕು ಹಿಡಿದು, ಚಹಾದಲ್ಲಿ ಅದ್ದಿದ ಬಿಸ್ಕಿಟ್ಟಿನ ಹಾಗೆ ಕಳಚಿಕೊಂಡಿತು. ವೆಲ್ಡಿಂಗ್ ಅಂಗಡಿಯವನು ಹೊಸ ಸ್ಟ್ಯಾಂಡಿಗೆ 800 ಅಂದ. ನಾನು 500ಕ್ಕೆ ಕೇಳಿದೆ. ಅವನು ಏನೂ ಮಾತಾಡಲಿಲ್ಲ. ಹಣೆ ಮೇಲಿದ್ದ ಮುಖವಾಡ ಕೆಳಗೆ ಎಳೆದುಕೊಂಡು ಕಿಡಿ ಹಾರಿಸತೊಡಗಿದ.

ಚೌಕಾಸಿ ನನ್ನ ಹಳೇ ಚಟ. ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ, ಅದಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ, ಕಡಿಮೆಗೆ ಮಾರಲು ಅಡ್ಡಿಯಿಲ್ಲ ಅಂತ ಎಲ್ಲೋ ಓದಿದ ದಿನದಿಂದ ಸೋಪಿಗೂ ಚೌಕಾಸಿ ಮಾಡುತ್ತೇನೆ. ನಮ್ಮ ಓಣಿಯ ಕಿರಾಣಿಯವರು ಒಂದು ದಿನ ತಕ್ಕಡಿ ಕೆಳಗಿಟ್ಟು, "ಕಡಿಮಿ ಕೊಡಬಹುದು ಅಂತ ಅದ ಸರ್, ಕೊಡಲೇಬೇಕು ಅಂತ ಎಲ್ಲಿ ಅದ್ರಿ?" ಅಂದರು. ಕಾನೂನು ಅವರಿಗೇ ಚೆನ್ನಾಗಿ ಗೊತ್ತಿತ್ತು. ಇನ್ನು ತೊಗರಿ ಬೇಳೆಯ ಕಥೆ ಹೇಳಲು ನಾಚಿಕೆ. 2019ರಲ್ಲಿ ಜಿಐ ಟ್ಯಾಗ್ ಅನ್ನುವ ಭೌಗೋಳಿಕ ಗುರುತು ಪಡೆದ ತೊಗರಿಯ ಊರಲ್ಲಿದ್ದುಕೊಂಡು, ಕಿಲೋಕ್ಕೆ 15 ರೂಪಾಯಿ ಕಡಿಮೆ ಅಂತ ಎಲ್ಲಿಯದೋ ಹಳೇ ಬೇಳೆ ಐದು ಕಿಲೋ ತಂದೆ. ಕುಕ್ಕರ್ ಒಂಬತ್ತು ಸೀಟಿ ಹೊಡೆದರೂ ಬೇಳೆ ಬೇಳೆಯಾಗಿಯೇ ಉಳಿಯಿತು. ಇರಲಿ.

ಕೂಲರಿಗೆ ಬರೋಣ. ಪಕ್ಕದ ಮನೆಗೆ ಎಸಿ ಬಂದಿತ್ತು. ಹೆಂಡತಿ ಅದರ ಕಡೆ ನೋಡಿದಾಗಲೆಲ್ಲ ನಾನು ವಾಟ್ ಲೆಕ್ಕ ಹೇಳುತ್ತಿದ್ದೆ. ಒಂದೂವರೆ ಟನ್ನಿನ ಎಸಿ ಜೋರಾಗಿ ಓಡುವಾಗ ಸುಮಾರು 1500 ವಾಟ್ ಎಳೆಯುತ್ತದೆ, ನಮ್ಮ ಕೂಲರ್ 200ರ ಆಸುಪಾಸು. ಹೇಳುತ್ತಾ ಹೇಳುತ್ತಾ ನನಗೇ ಒಂದು ಐಡಿಯಾ ಹೊಳೆಯಿತು. ಸ್ಟ್ಯಾಂಡ್ ಯಾಕೆ ಬೇಕು? ಕೂಲರನ್ನು ರೂಮಿನ ಒಳಗೇ ಇಡೋಣ. ಎಸಿ ಹಾಕಿದಾಗ ಮಾಡುವ ಹಾಗೆ ಬಾಗಿಲು, ಕಿಟಕಿ ಮುಚ್ಚಿದರೆ ತಂಪು ಎಲ್ಲಿಗೆ ಹೋಗುತ್ತದೆ? 800 ರೂಪಾಯಿ ಉಳಿಯಿತು. ಬಾಗಿಲಿನ ಕೆಳಗಿನ ಸಂದಿಗೆ ಹಳೇ ಲುಂಗಿ ತುರುಕಿದೆ. ಕೆಲಸ ಅಚ್ಚುಕಟ್ಟಾಗಿತ್ತು.

ಮೊದಲ ಅರ್ಧ ತಾಸು ಸ್ವರ್ಗ. "ನೋಡಿದ್ಯಾ?" ಅಂದೆ. ಒಂದು ತಾಸಾದ ಮೇಲೆ ಬನಿಯನ್ ಬೆನ್ನಿಗೆ ಅಂಟಿತು. ರಾತ್ರಿ ಹನ್ನೆರಡಕ್ಕೆ ದಿಂಬು ಒದ್ದೆ. ಬೆಳಗ್ಗೆ ಅವ್ವ ಆ ರೂಮಿನ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದ ಖಡಕ್ ರೊಟ್ಟಿ ತೆಗೆದಳು. ಜೋಳದ ಖಡಕ್ ರೊಟ್ಟಿ ಅಂದರೆ ಮುರಿದಾಗ ಮೂರನೇ ಮನೆಗೆ ಕೇಳಬೇಕು. ಅವ್ವ ಮುರಿಯಲು ಹೋದರೆ ಅದು ಸದ್ದಿಲ್ಲದೆ ಮಡಚಿಕೊಂಡಿತು. ಅವ್ವ ಅದನ್ನು ನಾಲ್ಕು ಮಡಿಕೆ ಮಾಡಿ, ಕರವಸ್ತ್ರದ ಹಾಗೆ ನನ್ನ ಕೈಗಿಟ್ಟಳು.

ತಪ್ಪು ಕೂಲರಿನೊಳಗೆ ನೀರೆತ್ತುವ ಪಂಪಿನದು ಅಂತ ತೀರ್ಮಾನಿಸಿದೆ. ಸೂಪರ್ ಮಾರ್ಕೆಟ್ ಅನ್ನುವ ನಮ್ಮ ಊರಿನ ಪೇಟೆಗೆ ಹೋದೆ. ಕಂಪನಿ ಪಂಪ್ 350, ಇನ್ನೊಂದು 180. ನಾನು ಯಾವುದು ತಗೊಂಡೆ ಅಂತ ಹೇಳಬೇಕಾ? ಗ್ಯಾರಂಟಿ ಕೇಳಿದ್ದಕ್ಕೆ ಅಂಗಡಿಯವನು ಬಕೀಟಿನಲ್ಲಿ ಮುಳುಗಿಸಿ ನೀರು ಚಿಮ್ಮಿಸಿ ತೋರಿಸಿ, "ಇಲ್ಲಿ ನಡೀಲಿಕತ್ತದ ನೋಡ್ರಿ" ಅಂದ. "ಇಲ್ಲಿ" ಅನ್ನುವ ಮಾತಿನ ತೂಕ ನನಗೆ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಅದು ಎರಡು ದಿನ ನಡೆಯಿತು. ಮೂರನೇ ದಿನ 350ರದ್ದನ್ನೇ ತಂದೆ. ರೂಮು ಹಾಗೇ ಇತ್ತು. ಆಮೇಲೆ ಕೂಲರಿನ ಬದಿಗಳಲ್ಲಿ ನೀರು ಹಿಡಿದಿಡುವ ಹುಲ್ಲಿನ ಮೇಲೆ ಅನುಮಾನ ಬಂತು. ಮೂರು ಬದಿಗೂ ಹೊಸ ಹುಲ್ಲು, 240. ಕಟ್ಟುವವನಿಗೆ ಯಾಕೆ ಕೊಡಬೇಕು ಅಂತ ನಾನೇ ಕಟ್ಟಿದೆ. ಅದರ ಸಣ್ಣ ಎಳೆಗಳು ಬೆರಳಲ್ಲಿ ಚುಚ್ಚಿಕೊಂಡು ಮೂರು ದಿನ ಊಟಕ್ಕೆ ಚಮಚ ಬೇಕಾಯಿತು.

ಕೊನೆಗೆ ನನಗೆ ಹೇಳದೆ ಅವ್ವ ಮೆಕ್ಯಾನಿಕ್‌ನನ್ನು ಕರೆಸಿದಳು. ಇಪ್ಪತ್ತೈದರ ಹುಡುಗ. ರೂಮಿನ ಬಾಗಿಲು ತೆಗೆದು, ಕಾಲಿಗೆ ಸಿಕ್ಕ ಲುಂಗಿ ನೋಡಿ, ಅಲ್ಲೇ ನಿಂತ.

"ಒಳಗ ಬಾಣಂತಿ ಅದಾರೇನ್ರಿ ಸರ್?"

ಹೆಂಡತಿ ಅಡುಗೆಮನೆಗೆ ಓಡಿದಳು, ನಗಲು.

ಹುಡುಗ ಕೂಲರ್ ಬಿಚ್ಚಲೇ ಇಲ್ಲ. ಅದನ್ನು ಎಳೆದು ಕಿಟಕಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಕಿಟಕಿ ತೆಗೆದ. ಎದುರಿನ ಬಾಗಿಲನ್ನೂ ತೆಗೆದ. "ನೀರು ಆವಿ ಆಗಬೇಕಾದ್ರ ಗಾಳ್ಯಾಗಿನ ಬಿಸಿ ಎಳಕೋತದ್ರಿ, ಅದಕ್ಕ ತಂಪು. ಹೊರಗಿನ ಒಣ ಗಾಳಿ ಬರ್ತಿರಬೇಕು, ಒಳಗಿನ ಹಸಿ ಗಾಳಿ ಹೋಗ್ತಿರಬೇಕು. ಮುಚ್ಚಿಟ್ರ ಅದೇ ಹಸಿ ಗಾಳಿ ಸುತ್ತತದ. ಮಂಗಳೂರಾಗ ಕೂಲರ್ ಯಾಕ ನಡ್ಯಂಗಿಲ್ಲ ಹೇಳ್ರಿ? ನೀವು ರೂಮ್ ಮುಚ್ಚಿ ಮಂಗಳೂರ ಮಾಡೀರಿ." ಹತ್ತು ನಿಮಿಷದಲ್ಲಿ ತಂಪಾಯಿತು. ಹೊರಗೆ 42 ಡಿಗ್ರಿ ಇತ್ತು.

"ಎಷ್ಟಪ್ಪಾ?" ಅಂದೆ.

"200 ಕೊಡ್ರಿ."

"ಕಿಟಕಿ ತೆಗೆದಿದ್ದಕ್ಕಾ? 100 ತಗೋ."

ಅವನು ಸಿಟ್ಟಾಗಲಿಲ್ಲ. ಕಿಟಕಿಯ ಕಡೆ ಎರಡು ಹೆಜ್ಜೆ ಹೋಗಿ, ಕೈ ಚಾಚಿ, "ಮತ್ತ ಮುಚ್ಚಿ ಹೋಗ್ಲೇನ್ರಿ?" ಅಂದ.

200 ಕೊಟ್ಟೆ. ಅವ್ವ ಅವನಿಗೆ ಚಹಾ ಕೊಟ್ಟಳು, ಜೊತೆಗೆ ಅಡುಗೆಮನೆಯಲ್ಲಿಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅವನು ರೊಟ್ಟಿ ಮುರಿದ ಸದ್ದು ಹಾಲ್‌ವರೆಗೂ ಕೇಳಿತು.

ಐದನೇ ಕ್ಲಾಸಿನ ಮಗಳು ಯಾರೂ ಕೇಳದೆಯೇ ಲೆಕ್ಕ ಕೂಡಿಸಿದಳು. 180, 350, 240, 200. ಒಟ್ಟು 970. ಪೆಟ್ರೋಲ್ ಸೇರಿಸಿಲ್ಲ ಅಂತ ಕೆಳಗೆ ಬರೆದಿದ್ದಳು.

ಕೂಲರ್ ಒಳಗಿದ್ದರೆ ಅರ್ಧ ರೂಮು ಅದಕ್ಕೇ ಬೇಕು. ರಾತ್ರಿ ಎದ್ದವರೆಲ್ಲ ಅದನ್ನೇ ಎಡವುತ್ತಾರೆ. ಮರುದಿನ ವೆಲ್ಡಿಂಗ್ ಅಂಗಡಿಗೆ ಹೋದೆ. "ಕಬ್ಬಿಣದ ರೇಟ್ ಏರ್ಯಾದ್ರಿ, ಈಗ 900," ಅಂದ. ನಾನು ಬಾಯಿ ತೆರೆದೆ. ಅವನ ಕೈ ಆಗಲೇ ಮುಖವಾಡದ ಮೇಲಿತ್ತು.

"ಆಯ್ತಪ್ಪಾ, ಮಾಡು," ಅಂದೆ.