ಚುಕ್ಕೆ ಸರಿ ಇದ್ದರೆ ಸಾಕು

ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಥೀಸಿಸ್ ಓದುವ ಕ್ರಮವೇ ಬೇರೆ. ಹಿಂದಿನಿಂದ ಮುಂದಕ್ಕೆ ಓದುತ್ತಾರೆ. ಎಷ್ಟು ರೋಗಿಗಳನ್ನು ನೋಡಿದಿರಿ, ಕೊನೆಗೆ ಗೊತ್ತಾಗಿದ್ದೇನು ಎಂಬುದೆಲ್ಲ ಆಮೇಲಿನ ಮಾತು. ಗೈಡ್ ಮೊದಲು, ಆಧಾರಕ್ಕೆ ತೆಗೆದುಕೊಂಡ ಪೇಪರುಗಳ ಪಟ್ಟಿ ಇರುವ ಕೊನೆಯ ಹಾಳೆಗಳನ್ನು ತೆಗೆದು, ಕನ್ನಡಕ ಸರಿಮಾಡಿಕೊಂಡು, ಹದಿನೇಳನೇ ರೆಫರೆನ್ಸಿನ ಮೇಲೆ ಕೆಂಪು ಪೆನ್ನು ಇಡುತ್ತಾರೆ.

‘ಏನಮ್ಮಾ ಇದು? ವರ್ಷ ಆದ ಮೇಲೆ ಕಾಮಾ ಹಾಕಿದ್ದೀಯಲ್ಲ. ಸೆಮಿಕೋಲನ್ ಎಲ್ಲಿ?’

‘ಸಾರಿ ಸರ್.’

ರಾತ್ರಿಯಿಡೀ ಕ್ಯಾಶುವಾಲ್ಟಿಯಲ್ಲಿ ನಿಂತು ಬಂದ ಹುಡುಗಿ ನೇರ ಕಾಲೇಜಿನೆದುರಿನ ಡಿಟಿಪಿ ಅಂಗಡಿಗೆ ಹೋಗುತ್ತಾಳೆ. ಅಲ್ಲಿನ ಅಣ್ಣ ಪಿಯುಸಿ ಪಾಸೋ ಫೇಲೋ, ಯಾರೂ ಕೇಳಿಲ್ಲ. ಆದರೆ ರೆಫರೆನ್ಸ್ ಬರೆಯುವ ವ್ಯಾಂಕೂವರ್ ಸ್ಟೈಲ್ ಅವನಿಗೆ ಬಾಯಿಪಾಠ. ‘ಮೇಡಂ, ಸೆಮಿಕೋಲನ್ ಆದ ಮೇಲೆ ಸ್ಪೇಸ್ ಬರಲ್ಲ. ಹೋದ ವಾರ ಆರ್ಥೋದವರದ್ದು ಇದಕ್ಕೇ ವಾಪಸ್ ಬಂತು’ ಎನ್ನುತ್ತಾನೆ. ಇಡೀ ಕಾಲೇಜಿನಲ್ಲಿ ಎಲ್ಲ ಥೀಸಿಸ್‌ಗಳನ್ನೂ ಕೊನೆಯವರೆಗೆ ನೋಡಿದವನು ಅವನೊಬ್ಬನೇ ಇರಬೇಕು.

ಈ ವ್ಯಾಂಕೂವರ್ ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ. 1978ರಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೆನಡಾದ ಆ ಊರಿನಲ್ಲಿ ಸೇರಿದರು. ಒಂದೊಂದು ಪತ್ರಿಕೆ ಒಂದೊಂದು ಥರ ಕೇಳಿದರೆ ಬರೆಯುವವರ ಗತಿಯೇನು, ಎಲ್ಲ ಕಡೆ ನಡೆಯುವ ಒಂದು ನಮೂನೆ ಇರಲಿ ಅಂದುಕೊಂಡರು. ಮರುವರ್ಷ ನಿಯಮಗಳು ಅಚ್ಚಾದವು. ಇವತ್ತು ರೆಫರೆನ್ಸ್ ಪಟ್ಟಿ ಜೋಡಿಸಿಕೊಡುವ ಝೊಟೆರೊದಂಥ ಸಾಫ್ಟ್‌ವೇರ್‌ಗಳು ಬಳಸುವ ಶೈಲಿಗಳ ಭಂಡಾರ ತೆರೆದರೆ, ಎಲ್ಲ ವಿಷಯಗಳ ಪತ್ರಿಕೆಗಳೂ ಸೇರಿ, 10,000ಕ್ಕಿಂತ ಜಾಸ್ತಿ ಶೈಲಿಗಳಿವೆ. ಮುಕ್ಕೋಟಿ ದೇವತೆಗಳಿರುವ ನಾಡಿನವರಿಗೆ ಇದೇನು ದೊಡ್ಡ ಸಂಖ್ಯೆ ಅಲ್ಲ ಬಿಡಿ. ಆದರೆ ಆ ದೇವತೆಗಳು ಒಬ್ಬರ ಮಂತ್ರ ಇನ್ನೊಬ್ಬರಿಗೆ ಹೇಳಿದರೆ ಪೂಜೆ ವಾಪಸ್ ಕಳಿಸುವುದಿಲ್ಲ.

ಲೇಖಕರ ಹೆಸರಿನ ವಿಷಯವನ್ನೇ ನೋಡಿ. ಆರು ಜನ ಇದ್ದರೆ ಆರೂ ಹೆಸರು ಹಾಕಿ. ಅದಕ್ಕಿಂತ ಜಾಸ್ತಿ ಇದ್ದರೆ ಆರು ಹಾಕಿ ‘ಎಟ್ ಆಲ್’ ಅನ್ನಿ. ಮದುವೆ ಕಾಗದದಲ್ಲಿ ‘ಮತ್ತು ಬಂಧುಮಿತ್ರರು’ ಇರುತ್ತಲ್ಲ, ಹಾಗೆ. ಇದು ವ್ಯಾಂಕೂವರ್‌ನ ಈಗಿನ ನಿಯಮ. ಆದರೆ ಅಮೆರಿಕದ ಜಾಮಾ ಪತ್ರಿಕೆಯವರ ಶೈಲಿಯಲ್ಲಿ ಆರು ದಾಟಿದರೆ ಮೂರೇ ಹೆಸರು, ಆಮೇಲೆ ಎಟ್ ಆಲ್. ಅಂದರೆ ಆರು ಜನ ಒಟ್ಟಿಗೆ ದುಡಿದು ಪೇಪರ್ ಬರೆದರೆ ಎಲ್ಲರ ಹೆಸರೂ ಬರುತ್ತದೆ. ‘ಸ್ಟ್ಯಾಟಿಸ್ಟಿಕ್ಸ್ ಸ್ವಲ್ಪ ನೋಡಿಕೊಟ್ಟರು, ಪಾಪ, ಅವರದ್ದೂ ಸೇರಿಸೋಣ’ ಎಂದು ಏಳನೆಯವರನ್ನು ಕರೆದಿರೋ, ಅವರ ಹೆಸರು ಬರುವುದು ಹಾಗಿರಲಿ, ನಾಲ್ಕು, ಐದು, ಆರನೆಯವರೂ ಎದ್ದು ಹೊರಗೆ ಹೋಗಬೇಕು. ಡಿಪಾರ್ಟ್‌ಮೆಂಟ್‌ಗಳಲ್ಲಿ ಮಾತುಕತೆ ನಿಂತುಹೋಗುವುದಕ್ಕೆ ಇನ್ನೇನು ಬೇಕು?

ಪತ್ರಿಕೆಯ ಹೆಸರನ್ನೂ ಪೂರ್ತಿ ಬರೆಯುವಂತಿಲ್ಲ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ಘನ ಪತ್ರಿಕೆ ‘ಎನ್ ಎಂಗ್ಲ್ ಜೆ ಮೆಡ್’ ಆಗುತ್ತದೆ. ಅಮೆರಿಕನ್ ಎಂಬುದು ‘ಆಮ್’ ಆಗುತ್ತದೆ. ನಮ್ಮ ‘ಇಂಡಿಯನ್’ ಮಾತ್ರ ಪೂರ್ತಿ ಉಳಿಯುತ್ತದೆ, ಒಂದಕ್ಷರ ಕತ್ತರಿಸುವಂತಿಲ್ಲ. ಇಂಗ್ಲೆಂಡನ್ನು ಅರ್ಧಕ್ಕೆ ತುಂಡರಿಸಿ ನಮ್ಮನ್ನು ಇಡಿಯಾಗಿ ಬಿಟ್ಟ ನಿಯಮ ಇದೊಂದೇ. ದೇಶಾಭಿಮಾನಿಗಳು ಇನ್ನೂ ಗಮನಿಸಿಲ್ಲ.

ಪುಟಸಂಖ್ಯೆಯಲ್ಲೂ ಉಳಿತಾಯ. 284ರಿಂದ 287 ಎಂದಿದ್ದರೆ 284-7 ಎಂದು ಬರೆಯಬೇಕು. ಅಚ್ಚಿನ ಕಾಲದಲ್ಲಿ ಕಾಗದ, ಶಾಯಿ ಉಳಿಯುತ್ತಿತ್ತೋ ಏನೋ. ಈಗ ಪತ್ರಿಕೆ ಬರೋದೇ ಕಂಪ್ಯೂಟರಿನಲ್ಲಿ. ಎರಡು ಅಂಕಿ ಉಳಿಸಿ ಯಾರ ಮನೆ ಕಟ್ಟುತ್ತಾರೋ ಗೊತ್ತಿಲ್ಲ.

ಇನ್ನು ನಮ್ಮವರ ಹೆಸರು. ಊರು, ಅಪ್ಪನ ಹೆಸರು ಎರಡನ್ನೂ ಇನಿಷಿಯಲ್ ಮಾಡಿಕೊಂಡ ಮಂಜುನಾಥ ಎಂಬ ಡಾಕ್ಟರ್ ಇದ್ದಾರೆ ಅಂದುಕೊಳ್ಳಿ. ಆನ್‌ಲೈನ್ ಫಾರ್ಮಿನಲ್ಲಿ ‘ಲಾಸ್ಟ್ ನೇಮ್’ ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಹೊಳಲ್ಕೆರೆ ಎಂದು ತುಂಬಿಸುತ್ತಾರೆ. ಅಲ್ಲಿಂದ ಮುಂದೆ ಜಗತ್ತಿನ ಯಾವ ಮೂಲೆಯಲ್ಲಿ ಆ ಪೇಪರನ್ನು ಉಲ್ಲೇಖಿಸಿದರೂ ‘ಹೊಳಲ್ಕೆರೆ ಎಂ’. ದುಡಿದಿದ್ದು ಮಂಜುನಾಥ, ಹೆಸರು ಬಂದಿದ್ದು ತಾಲ್ಲೂಕಿಗೆ.

ಪೇಪರ್ ಒಂದು ಪತ್ರಿಕೆಯಲ್ಲಿ ತಿರಸ್ಕೃತವಾದರೆ ಇನ್ನೊಂದಕ್ಕೆ ಹೊಸ ವೇಷ. ಅಲ್ಲಿ ಬ್ರಾಕೆಟ್ಟಿನಲ್ಲಿದ್ದ ರೆಫರೆನ್ಸಿನ ಅಂಕಿ ಇಲ್ಲಿ ಅಕ್ಷರದ ತಲೆಯ ಮೇಲೆ ಹತ್ತಿ ಕೂರಬೇಕು. 2019ರಲ್ಲಿ ಪ್ಲಾಸ್ ವನ್ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂತು. 372 ಸಂಶೋಧಕರನ್ನು ಕೇಳಿದರು. ಬರೀ ಫಾರ್ಮ್ಯಾಟಿಂಗಿಗೆ ಒಂದು ಪೇಪರಿಗೆ ಸುಮಾರು 14 ಗಂಟೆ, ವರ್ಷಕ್ಕೆ ಒಬ್ಬರಿಗೆ 52 ಗಂಟೆ ಹೋಗುತ್ತದಂತೆ. ಈ ಸಮೀಕ್ಷೆಯ ಪೇಪರನ್ನೂ ಯಾರೋ ಕೂತು ಫಾರ್ಮ್ಯಾಟ್ ಮಾಡಿರುತ್ತಾರೆ ಅಲ್ವಾ?

ಇಷ್ಟೆಲ್ಲ ಕಟ್ಟುನಿಟ್ಟಾಗಿದ್ದರೆ ಒಳಗಿನ ಸರಕೂ ಗಟ್ಟಿ ಇರಬೇಕು ತಾನೆ? 1980ರ ಜನವರಿಯಲ್ಲಿ ಅದೇ ಎನ್ ಎಂಗ್ಲ್ ಜೆ ಮೆಡ್‌ನಲ್ಲಿ ಒಂದು ಪತ್ರ ಬಂತು. ಸಂಪಾದಕರಿಗೆ ಬರೆದ ಪತ್ರ, ಒಟ್ಟು ಐದು ವಾಕ್ಯ. ಆಸ್ಪತ್ರೆಯಲ್ಲಿದ್ದಾಗ ಮಾದಕ ನೋವು ನಿವಾರಕ ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದವರು ನಾಲ್ವರು ಮಾತ್ರ ಸಿಕ್ಕರು ಎಂದಿತ್ತು. ಆಸ್ಪತ್ರೆಯಲ್ಲಿದ್ದವರು, ನೆನಪಿಡಿ. ಮನೆಗೆ ಡಬ್ಬಿ ಒಯ್ದು ತಿಂಗಳುಗಟ್ಟಲೆ ನುಂಗಿದವರ ಮಾತೇ ಅಲ್ಲ ಅದು. ಆದರೆ ಈ ಮಾತ್ರೆಗಳಿಂದ ಚಟ ಹತ್ತುವುದಿಲ್ಲ ಎನ್ನಲು ಎಲ್ಲರೂ ಅದನ್ನೇ ತೋರಿಸಿದರು. 2017ರಲ್ಲಿ ಕೆನಡಾದವರು ಕೂತು ಲೆಕ್ಕ ಹಾಕಿದರು. ಆ ಐದು ವಾಕ್ಯದ ಪತ್ರವನ್ನು 608 ಕಡೆ ಉಲ್ಲೇಖಿಸಿದ್ದರು. ಚಟ ಹತ್ತುವುದು ಅಪರೂಪ ಎನ್ನಲು ಅದನ್ನೇ ಸಾಕ್ಷಿ ಮಾಡಿಕೊಂಡವರು 439. ಆ ರೋಗಿಗಳು ಆಸ್ಪತ್ರೆಯಲ್ಲಿದ್ದರು ಎಂಬುದನ್ನೇ ಹೇಳದವರು 491. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಈ ಮಾತ್ರೆಗಳ ಚಟಕ್ಕೆ ಊರೂರೇ ಹಾಳಾಗಿದ್ದವು.

ಆ ಪತ್ರವನ್ನು ಓದುವುದಕ್ಕೆ ಒಂದು ನಿಮಿಷ ಸಾಕು. ಸರಿಯಾಗಿ ಉಲ್ಲೇಖಿಸುವುದಕ್ಕೆ ಜಾಸ್ತಿ ಹೊತ್ತು ಬೇಕು. ಸಂಪುಟ 302, ಪುಟ 123. ಅಂಕಿಗಳ ಮಧ್ಯೆ ಕೋಲನ್ ಇಲ್ಲದಿದ್ದರೆ ಯಾವ ಸಂಪಾದಕರಾದರೂ ಖಂಡಿತ ಹಿಡಿಯುತ್ತಿದ್ದರು.

ಈಗಂತೂ ಕೃತಕ ಬುದ್ಧಿಮತ್ತೆ ಬಂದಿದೆ. ಕೇಳಿದರೆ ಸಾಕು, ಎಂದೂ ಬರೆಯದ ಪೇಪರಿಗೂ ರೆಫರೆನ್ಸ್ ಹೊಸೆದು ಕೊಡುತ್ತದೆ. ಲೇಖಕರು ನಿಜವಾದವರು, ಪತ್ರಿಕೆ ನಿಜವಾದದ್ದು, ಪೇಪರ್ ಮಾತ್ರ ಇಲ್ಲ. ಆದರೆ ಎಂಥ ಅಚ್ಚುಕಟ್ಟು ಅಂತೀರಿ! ಆರು ಹೆಸರು, ಎಟ್ ಆಲ್, ಸೆಮಿಕೋಲನ್ ಆದ ಮೇಲೆ ಸ್ಪೇಸ್ ಇಲ್ಲ. ನಮ್ಮ ಗೈಡ್‌ಗಳು ಇಷ್ಟು ವರ್ಷ ಕಾಯುತ್ತಿದ್ದ ವಿದ್ಯಾರ್ಥಿ ಇವನೇ.

ಈ ಪಿಡುಗಿಗೆ ಉಲ್ಲೇಖ ಶಾಸ್ತ್ರದವರು ಸುಮ್ನೆ ಕೂತಿಲ್ಲ. ತಮ್ಮದೇ ಉಲ್ಲೇಖ ಶೈಲಿ ಇಟ್ಟುಕೊಂಡಿರುವ ಅಮೆರಿಕದ ಮನಶ್ಶಾಸ್ತ್ರ ಸಂಘದವರು 2023ರ ಏಪ್ರಿಲ್‌ನಲ್ಲೇ ಚಾಟ್‌ಜಿಪಿಟಿಯನ್ನು ಉಲ್ಲೇಖಿಸುವುದು ಹೇಗೆಂದು ವಿವರವಾಗಿ ತಿಳಿಸಿದರು. ಲೇಖಕರ ಜಾಗದಲ್ಲಿ ಕಂಪನಿಯ ಹೆಸರು, ಆಮೇಲೆ ವರ್ಷ, ಆವೃತ್ತಿ, ಕೊನೆಗೆ ಲಿಂಕು. ಲಿಂಕು ಮುಗಿದ ಮೇಲೆ ಚುಕ್ಕೆ ಮಾತ್ರ ಇಡಬಾರದು.